ಮೂರು ಡಿಗ್ರಿಯ ಶಿಸ್ತು

ಸ್ವಂತ ಕೈಯಿಂದ ವಿಮಾನ ಕಟ್ಟುವ ಹವ್ಯಾಸದ ಮಾತು ಬಂದರೆ ಎಲ್ಲರೂ ಎಂಜಿನ್ ಬಗ್ಗೆ ಕೇಳುತ್ತಾರೆ, ಇಲ್ಲವೇ ರೆಕ್ಕೆಯ ಬಗ್ಗೆ. ನನಗಂತೂ ಯಾವ ಸಣ್ಣ ವಿಮಾನ ಕಂಡರೂ ಮೊದಲು ಅದರ ಹೊಟ್ಟೆಯೊಳಗೆ ಇಣುಕಿ ನೋಡಬೇಕು. ಪೈಲಟ್‌ನ ಪೆಡಲ್‌ನಿಂದ ರಡ್ಡರ್‌ವರೆಗೆ ಓಡುವ ಉಕ್ಕಿನ ಕೇಬಲ್ ದಾರಿಯಲ್ಲಿ ಏನೇನನ್ನು ತಾಕುತ್ತದೆ, ಅದಕ್ಕೆ ಹಾಕಿದ ಗೈಡುಗಳು ಹೇಗೆ ಕೂತಿವೆ ಎಂದು ನೋಡಿದರೆ ಸಾಕು, ಕಟ್ಟಿದವರ ಕೈಗುಣ ಗೊತ್ತಾಗುತ್ತದೆ.

ಗೈಡ್ ಎಂದರೆ ದೊಡ್ಡ ಸಾಮಾನೇನಲ್ಲ. ನೈಲಾನ್ ಅಥವಾ ಫಿನಾಲಿಕ್ ಹಾಳೆಯ ಒಂದು ತುಂಡು, ನಡುವೆ ಒಂದು ತೂತು. ವಿಮಾನ ಕಟ್ಟುವವರು ಇದನ್ನು ಫೇರ್‌ಲೀಡ್ ಎನ್ನುತ್ತಾರೆ. ಕೇಬಲ್ ಅಲ್ಲಾಡಿ ಚೌಕಟ್ಟಿಗೆ ಉಜ್ಜದಂತೆ ನೋಡಿಕೊಳ್ಳುವುದಷ್ಟೇ ಇದರ ಕೆಲಸ. ಕೇಬಲ್ಲನ್ನು ಪಕ್ಕಕ್ಕೆ ತಿರುಗಿಸುವುದಲ್ಲ. ಸಣ್ಣ ವಿಮಾನಗಳಿಗೆ ಅಮೆರಿಕದವರು ಬರೆದ ನಿಯಮಾವಳಿ ಇಲ್ಲಿ ಗೆರೆ ಎಳೆದಿತ್ತು: ಫೇರ್‌ಲೀಡ್ ಇರುವ ಜಾಗದಲ್ಲಿ ಕೇಬಲ್‌ನ ದಿಕ್ಕು 3 ಡಿಗ್ರಿಗಿಂತ ಹೆಚ್ಚು ಬದಲಾಗಕೂಡದು. ಅದಕ್ಕಿಂತ ಹೆಚ್ಚು ತಿರುವು ಬೇಕಾದರೆ ಪುಲ್ಲಿ ಹಾಕಿ.

ಲೆಕ್ಕ ಹಾಕಿದರೆ ಈ ಮಿತಿಯ ಮರ್ಮ ತಿಳಿಯುತ್ತದೆ. ಕೇಬಲ್‌ನಲ್ಲಿ 50 ಕಿಲೋ ಎಳೆತವಿದ್ದು ಅದು 3 ಡಿಗ್ರಿ ತಿರುಗಿದರೆ ಗೈಡಿನ ಮೇಲೆ ಬೀಳುವ ಅಡ್ಡ ಒತ್ತಡ ಸುಮಾರು 2.6 ಕಿಲೋ. ಅದೇ 15 ಡಿಗ್ರಿ ತಿರುಗಿದರೆ 13 ಕಿಲೋ. ಪೆಡಲ್ ತುಳಿದಾಗಲೆಲ್ಲ ಅಷ್ಟು ಭಾರದಲ್ಲಿ ಉಕ್ಕು ನೈಲಾನನ್ನು ಗರಗಸದಂತೆ ಕೊರೆಯುತ್ತದೆ, ಕೊರೆಯುತ್ತ ತಾನೂ ಸವೆಯುತ್ತದೆ. 3 ಮಿಲಿಮೀಟರ್‌ಗಿಂತ ತುಸು ದಪ್ಪದ ಕೇಬಲ್ ಒಳಗೆ 19 ಎಳೆಗಳ 7 ಹುರಿ, ಅಂದರೆ 133 ಎಳೆ. ಮುರಿದ ಎಳೆ ಕಣ್ಣಿಗೆ ಬೀಳುವುದು ಕಷ್ಟ. ಹತ್ತಿ ಬಟ್ಟೆ ಸುತ್ತಿ ಉದ್ದಕ್ಕೂ ಎಳೆದರೆ ಅದು ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ.

ರಾಮನಗರದಲ್ಲಿ ರೇಷ್ಮೆ ಬಿಚ್ಚುವ ಕೆಲಸ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿಸಿನೀರಿನ ಗೂಡುಗಳಿಂದ ಎದ್ದ ಎಳೆಗಳೆಲ್ಲ ಒಂದಾಗಿ ಒಂದು ಸಣ್ಣ ತೂತಿನೊಳಗಿಂದ ಹಾದು ರಾಟೆಗೆ ಏರುತ್ತವೆ. ತೂತಿನ ಅಂಚು ನಯವಿಲ್ಲದಿದ್ದರೆ, ಕಸ ಕೂತರೆ, ನೂಲು ಹರಿಯುತ್ತದೆ. ಹರಿದ ನೂಲನ್ನು ರೀಲರ್ ಕ್ಷಣದಲ್ಲಿ ಗಂಟು ಹಾಕುತ್ತಾರೆ. ಆಕಾಶದಲ್ಲಿ ಆ ಅವಕಾಶವಿಲ್ಲ.

ನಮ್ಮ ಹತ್ತಿರದಲ್ಲೇ ಈ ವಿದ್ಯೆಗೆ ಒಳ್ಳೆಯ ಉದಾಹರಣೆಯಿದೆ. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ 1980ರ ದಶಕದಲ್ಲಿ ಎಲ್‌ಸಿಆರ್‌ಎ ಎಂಬ ಪುಟ್ಟ ವಿಮಾನ ಕಟ್ಟಿತು. 1987ರಲ್ಲಿ ಅದು ಹಾರಿತು. ಬರ್ಟ್ ರುಟಾನ್ ಅವರು ಮನೆಯಲ್ಲಿ ಕಟ್ಟುವವರಿಗೆಂದೇ ರೂಪಿಸಿದ ಲಾಂಗ್-ಈಜಿ ಅದಕ್ಕೆ ಮೂಲ. ಆ ವಿನ್ಯಾಸದಲ್ಲಿ ರೆಕ್ಕೆಗಳ ತುದಿಗೆ ಒಂದೊಂದು ರಡ್ಡರ್. ಕೇಬಲ್ ಅದನ್ನು ಹೊರಕ್ಕೆ ಮಾತ್ರ ಎಳೆಯುತ್ತದೆ, ಸ್ಪ್ರಿಂಗ್ ವಾಪಸ್ ತರುತ್ತದೆ. ಕೇಬಲ್ ಓಡುವುದು ಒಡಲಿನ ಪಕ್ಕದಲ್ಲಿ ಹುದುಗಿಸಿದ ನೈಲಾನ್ ಕೊಳವೆಯಲ್ಲಿ. ಗಾಜಿನ ನಾರು, ರಾಳ ಹಚ್ಚಿ ಮುಚ್ಚಿದ ಮೇಲೆ ಆ ಕೊಳವೆಯನ್ನು ತಿದ್ದುವುದು ಸುಲಭವಲ್ಲ. ಎಲ್ಲಾದರೂ ಸೊಟ್ಟಗಾಗಿ ಕೇಬಲ್ ಬಿಗಿದರೆ ಸ್ಪ್ರಿಂಗ್ ಸೋಲುತ್ತದೆ, ರಡ್ಡರ್ ತೆರೆದೇ ಉಳಿಯುತ್ತದೆ. ಇಷ್ಟು ಸರಳ, ಇಷ್ಟು ಕಟ್ಟುನಿಟ್ಟಿನ ವಿನ್ಯಾಸ ನನಗೆ ಬಲು ಇಷ್ಟ.

ಗೈಡ್ ಕೂರಿಸುವಾಗ ಮೊದಲು ತೂತು ಕೊರೆಯಬೇಡಿ. ಎರಡು ತುದಿಯ ನಡುವೆ ದಾರ ಬಿಗಿದು ಕಟ್ಟಿ, ಪೆಡಲ್ಲನ್ನು ಪೂರ್ತಿ ಈ ಕಡೆ, ಪೂರ್ತಿ ಆ ಕಡೆ ತುಳಿದು ದಾರ ಎಲ್ಲೆಲ್ಲಿ ಸರಿಯುತ್ತದೆಂದು ಗುರುತು ಹಾಕಿ. ಗೈಡ್ ದಾರದ ಬಳಿಗೆ ಬರಬೇಕು, ದಾರವನ್ನು ಗೈಡಿನ ಬಳಿಗೆ ಎಳೆಯಬಾರದು. ತೂತಿನ ಎರಡೂ ಅಂಚನ್ನು ಉರುಟಾಗಿ ನುಣ್ಣಗೆ ಉಜ್ಜಿ. ಸೀಳು ಇರುವ ಗೈಡಾದರೆ ಕೇಬಲ್ ಒತ್ತುವ ಬದಿಗೆ ಸೀಳು ಬರಕೂಡದು. ಜಾರಲಿ ಎಂದು ಗ್ರೀಸ್ ಬಳಿಯುವ ಆಸೆ ಬೇಡ: ಅದು ಧೂಳನ್ನು ಹಿಡಿದು ಉಜ್ಜುಕಾಗದದ ಕೆಲಸ ಮಾಡುತ್ತದೆ.

ಬೊಂಬೆ ಮಾಡುವ ಚನ್ನಪಟ್ಟಣದ ಕಡಸಲು ಕೈಗಳಿಗೆ ಈ ಕೆಲಸ ಹೇಳಿ ಮಾಡಿಸಿದ್ದು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಬೊಂಬೆಯ ವಸ್ತು ಮಾತ್ರ ಇಲ್ಲಿಗೆ ಒಗ್ಗದು. ಅರಗು ಬಿಸಿಗೆ ಕರಗುತ್ತದೆ, ತಿರುಗುವ ಮರಕ್ಕೆ ಒತ್ತಿದ ಬಿಸಿಯಿಂದಲೇ ತಾನೇ ಅದು ಬಣ್ಣವಾಗಿ ಅಂಟುವುದು? ಮರ ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಅದೇ ಕೈಗೆ ನೈಲಾನ್ ಸರಳು ಕೊಡಿ, ಅಂಚಿನ ದುಂಡು ನೋಡಿ.

ಮಾಗಡಿ, ಕನಕಪುರ ಕಡೆಯ ಐಟಿಐ, ಡಿಪ್ಲೊಮಾ ಹುಡುಗ ಹುಡುಗಿಯರಲ್ಲಿ ಒಂದು ವಿನಂತಿ. ಹಳೆ ವಿಮಾನಗಳನ್ನು ನೋಡಲು ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಹೋದಾಗ ಕಾಕ್‌ಪಿಟ್ ಎದುರು ಫೋಟೊ ತೆಗೆಸಿಕೊಂಡು ಬಂದುಬಿಡಬೇಡಿ. ಬಾಲದ ಕಡೆ ಹೋಗಿ, ಕಾಣುವಷ್ಟು ಕೇಬಲ್‌ನ ದಾರಿ ಹಿಡಿದು ನೋಡಿ. ಮುಂದೊಂದು ದಿನ ನೀವೇ ಕಟ್ಟುವಿರಾದರೆ, ಪ್ರತಿ ಗೈಡಿನ ಪಕ್ಕದಲ್ಲೂ ಕೈ ಹೋಗುವಷ್ಟು, ಟಾರ್ಚ್ ಬೆಳಕು ಬೀಳುವಷ್ಟು ಒಂದು ಕಿಂಡಿ ಬಿಡಿ.