‘ಕೆನಿಲ್‌ವರ್ತ್’: ಕಾದಂಬರಿಯೂ ಕೋಟೆಯೂ

ಸರ್ ವಾಲ್ಟರ್ ಸ್ಕಾಟನ ‘ಕೆನಿಲ್‌ವರ್ತ್’ (1821) ಕಾದಂಬರಿಯ ಕಾಲದೋಷಗಳನ್ನು ವಿಮರ್ಶಕರು ಎಷ್ಟೋ ಸಲ ಎಣಿಸಿದ್ದಾರೆ. ಎಲಿಜಬೆತ್ ರಾಣಿಯು ಲೆಸ್ಟರ್ ಪ್ರಭು ರಾಬರ್ಟ್ ಡಡ್ಲಿಯ ಅತಿಥಿಯಾಗಿ ವಾರಿಕ್‌ಷೈರಿನ ಈ ಕೋಟೆಯಲ್ಲಿ 19 ದಿನ ತಂಗಿದ್ದ 1575ರ ಬೇಸಗೆಯೇ ಕಥೆಯ ಕಾಲ. ಅದರ ನಾಯಿಕೆ, ಡಡ್ಲಿಯ ಪತ್ನಿ ಏಮಿ ರಾಬ್ಸಾರ್ಟ್, 1560ರಲ್ಲಿಯೇ ತೀರಿಕೊಂಡಿದ್ದಳು. ಕೋಟೆ ಅವನ ಕೈಸೇರಿದ್ದು 1563ರಲ್ಲಿ. ಆಗ ಹನ್ನೊಂದು ವರ್ಷದ ಬಾಲಕನಾಗಿದ್ದ ಷೇಕ್ಸ್‌ಪಿಯರನು ಕಾದಂಬರಿಯಲ್ಲಿ ಆಗಲೇ ಹೆಸರಾಂತ ಕವಿ! ಇವೆಲ್ಲ ಕಾದಂಬರಿಕಾರನಿಗೆ ಸಲ್ಲತಕ್ಕ ಸ್ವಾತಂತ್ರ್ಯವೆಂದು ನಾವು ಒಪ್ಪುತ್ತೇವೆ. ನಮ್ಮ ಆಕ್ಷೇಪ ಬೇರೆ.

ಈ ಕೃತಿಯ ಜೀವಾಳ ಲೆಸ್ಟರನ ಭಯ. ತನ್ನ ಗುಪ್ತವಿವಾಹ ಬಯಲಾದರೆ ರಾಣಿಯ ಕೃಪೆ ತಪ್ಪೀತೆಂಬುದು ಅದಕ್ಕೆ ಸ್ಕಾಟನು ಕೊಡುವ ಕಾರಣ. ವಾಸ್ತವದಲ್ಲಿ ಆ ಮದುವೆ 1550ರಲ್ಲಿ ಆರನೆಯ ಎಡ್ವರ್ಡ್ ದೊರೆಯ ಸಮಕ್ಷಮದಲ್ಲಿಯೇ ನಡೆದಿತ್ತು. ಭಯಕ್ಕೆ ಇಂಥ ಕಲ್ಪಿತ ಕಾರಣ ಬೇಕಿತ್ತೆ? ಕೋಟೆಯ ಚರಿತ್ರೆಯೇ ಸಾಕಾಗಿತ್ತು. 1120ರ ದಶಕದಲ್ಲಿ ಜೆಫ್ರಿ ಡಿ ಕ್ಲಿಂಟನ್ ಕಟ್ಟಿಸಿದ ಅದು ಮುಂದೆ ದೊರೆಗಳ ವಶವಾಯಿತು. ಮೂರನೆಯ ಹೆನ್ರಿ ಅದನ್ನು ತನ್ನ ತಂಗಿಯ ಗಂಡ ಸೈಮನ್ ಡಿ ಮಾಂಟ್‌ಫರ್ಟನಿಗೆ ಕೊಟ್ಟನು. ಅದೇ ಸೈಮನನು ದೊರೆಗೆ ತಿರುಗಿಬಿದ್ದು 1265ರಲ್ಲಿ ಈವ್‌ಷಾಮಿನ ಯುದ್ಧದಲ್ಲಿ ಮಡಿದನು. ಮರುವರ್ಷ ಅವನ ಕಡೆಯವರು ಸುಮಾರು ಆರು ತಿಂಗಳ ಮುತ್ತಿಗೆಯನ್ನು ತಡೆದುನಿಂತು, ಕಡೆಗೆ ಹಸಿವಿಗೂ ರೋಗಕ್ಕೂ ಸೋತು ಕೋಟೆಯನ್ನೊಪ್ಪಿಸಿದರು. ಅರಸನಿಗಾದರೂ ಅಲ್ಲಿ ಅಭಯವಿತ್ತೆ? ಎರಡನೆಯ ಎಡ್ವರ್ಡನು 1327ರಲ್ಲಿ ಸೆರೆಯಾಳಾಗಿ ಸಿಂಹಾಸನವನ್ನು ಬಿಟ್ಟುಕೊಟ್ಟದ್ದು ಅಲ್ಲಿಯೇ. ಡಡ್ಲಿಗೆ ಇದು ಮನೆತನದ ಅನುಭವವೂ ಹೌದು: ಅವನ ಅಜ್ಜ 1510ರಲ್ಲಿಯೂ ತಂದೆ 1553ರಲ್ಲಿಯೂ ರಾಜದ್ರೋಹದ ಆರೋಪದ ಮೇಲೆ ಶಿರಚ್ಛೇದಕ್ಕೆ ಗುರಿಯಾದವರು.

ಸ್ಕಾಟನು ಈ ಪೂರ್ವಚರಿತ್ರೆಯನ್ನು ಅರಿಯದವನಲ್ಲ. ಮುತ್ತಿಗೆಯನ್ನೂ ಎಡ್ವರ್ಡನ ಸೆರೆಯನ್ನೂ ಕೋಟೆಯ ವರ್ಣನೆಯಲ್ಲಿ ಪ್ರಸ್ತಾಪಿಸಿಯೇ ಇದ್ದಾನೆ. ಆದರೆ ಅವು ಯಾತ್ರಿಕನಿಗೆ ಸ್ಥಳ ತೋರಿಸುವವನ ಮಾತಿನಂತೆ ಕಥೆಯ ಹೊರಗೇ ಉಳಿಯುತ್ತವೆ. ಲೆಸ್ಟರನ ಮನಸ್ಸನ್ನು ತಟ್ಟುವುದಿಲ್ಲ. ರಾಣಿಯಿಂದ ಪಡೆದ ಕೋಟೆಯಲ್ಲಿ ರಾಣಿಗೇ ಆತಿಥ್ಯ ನೀಡುವವನ ಇಕ್ಕಟ್ಟು ಹೀಗೆ ಕೇವಲ ದಾಂಪತ್ಯದ ಗುಟ್ಟಾಗಿ ಕುಗ್ಗಿದೆ. ತರಗತಿಯಲ್ಲಿ ಈ ಕಾದಂಬರಿಯನ್ನು ಬೋಧಿಸುವವರು ಇಸವಿಗಳ ತಪ್ಪಿಗಿಂತ ಇದನ್ನು ಮೊದಲು ಚರ್ಚಿಸಬೇಕೆಂದು ನಮಗೆ ತೋರುತ್ತದೆ.

ಉತ್ಸವದ ವರ್ಣನೆಯಲ್ಲಿ ಮಾತ್ರ ಸ್ಕಾಟನಿಗೆ ಸರಿಸಾಟಿಯಿಲ್ಲ. ಅವನು ದೀಪಗಳಿಂದ ಬೆಳಗಿಸಿದ ಆ ಸರೋವರ ಅವನ ಕಾಲಕ್ಕೆ ಇರಲೇ ಇಲ್ಲ. ಅಂತರ್ಯುದ್ಧದ ತರುವಾಯ, 1649ರ ಸುಮಾರಿಗೆ, ಪಾರ್ಲಿಮೆಂಟಿನ ಪಕ್ಷದವರು ಕೋಟೆಯನ್ನು ಕೆಡಹಿಸಿದಾಗ ಅದರ ನೀರೂ ಹರಿದುಹೋಗಿತ್ತು.