ಗ್ರಂಥಸೂಚಿಯೂ ಪ್ರಬಂಧದ ರೂಪರೇಖೆಯೂ

ಬಿಳಿಚೋಡಿನ ಪೂರ್ವವೃತ್ತಾಂತವನ್ನು ನಾನಾ ಆಕರಗಳಿಂದ ಸಂಗ್ರಹಿಸಿ ಸಮನ್ವಯಪ್ರಬಂಧವನ್ನು ಬರೆಯಹೊರಟವರು ಮೊದಲು ನೋಡಬೇಕಾದುದು ಬಿ. ಎಲ್. ರೈಸ್ ಸಾಹೇಬರ ‘ಎಪಿಗ್ರಾಫಿಯ ಕರ್ನಾಟಿಕ’ದ ಹನ್ನೊಂದನೆಯ ಸಂಪುಟವನ್ನು. ಜಗಳೂರು ತಾಲ್ಲೂಕಿನ ಶಾಸನಗಳು ಅಡಕವಾಗಿರುವುದು ಅದರಲ್ಲಿಯೇ. ಆದರೆ ಆ ಸಂಪುಟಕ್ಕೆ ಚಿತ್ರದುರ್ಗದ ಹೆಸರು. ತಾಲ್ಲೂಕಾದರೋ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು. ಈಗಿನ ಜಿಲ್ಲೆಯ ಹೆಸರನ್ನೇ ನೆಚ್ಚಿ ಸೂಚಿಯನ್ನು ಸಿದ್ಧಪಡಿಸುವವರಿಗೆ ಮುಖ್ಯ ಆಕರವೇ ಕೈತಪ್ಪಿದರೆ ಆಶ್ಚರ್ಯವಿಲ್ಲ.

ಇದಕ್ಕಿಂತಲೂ ಸೂಕ್ಷ್ಮವಾದ ತೊಡಕು ಸಂಪುಟದ ರಚನೆಯಲ್ಲಿದೆ. ಶಾಸನಪಾಠಗಳು ತಾಲ್ಲೂಕುಗಳ ಕ್ರಮದಲ್ಲಿವೆ. ಪೀಠಿಕೆಯು ರಾಜವಂಶಗಳ ಕ್ರಮದಲ್ಲಿದೆ. ಮೊಳಕಾಲ್ಮೂರು ಸೀಮೆಯ ಅಶೋಕಶಾಸನಗಳನ್ನು 1892ರಲ್ಲಿ ತಾವೇ ಕಂಡುಹಿಡಿದ ರೈಸರು ಮೌರ್ಯರಿಂದ ಮೊದಲುಮಾಡಿ ಅರಸುಮನೆತನಗಳ ಸರಣಿಯನ್ನು ಹೆಣೆದುದು ಸಹಜವೇ. ಆದರೆ ಆ ಪೀಠಿಕೆಯನ್ನೇ ರೂಪರೇಖೆಯಾಗಿ ಎರವು ತಂದವನ ಬರೆಹದಲ್ಲಿ ವಂಶಾವಳಿ ಉಳಿದು ಊರು ಮರೆಯಾಗುತ್ತದೆ. ಕೆರೆಗೆ ಬಿಟ್ಟ ಭೂಮಿ, ತುರುಗಾಳಗದಲ್ಲಿ ಮಡಿದವನ ವೀರಗಲ್ಲು, ದತ್ತಿಯ ಎಲ್ಲೆಕಟ್ಟು—ಶಾಸನಗಳ ಜೀವಾಳವಾದ ಇವೆಲ್ಲ ಅರಸನ ಹೆಸರಿಗೆ ತೇದಿಯನ್ನೊದಗಿಸುವ ಸಾಧನಗಳಾಗಿಬಿಡುತ್ತವೆ.

ಆದುದರಿಂದ ಸೂಚಿಯ ಟಿಪ್ಪಣಿಯು ಆಕರದ ಸಾರವನ್ನಷ್ಟೇ ಹೇಳಿದರೆ ಸಾಲದು. ಕಲ್ಲು ನಿಂತ ಸ್ಥಳ, ಸವೆದ ಪಂಕ್ತಿಗಳು, ತೇದಿಯು ಶಾಸನೋಕ್ತವೋ ಲಿಪಿಯಿಂದ ಊಹಿತವೋ ಎಂಬುದು, ಇವನ್ನು ಬೇರೆಬೇರೆಯಾಗಿ ನಮೂದಿಸಬೇಕು. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯು (1907–1929) ಈ ವಿಷಯದಲ್ಲಿ ಉತ್ತಮ ಮೇಲ್ಪಂಕ್ತಿ: ಕವಿಯ ಕಾಲ, ಗ್ರಂಥಗಳೊಡನೆ ಪದ್ಯಗಳನ್ನೂ ಎತ್ತಿಕೊಟ್ಟಿರುವುದರಿಂದ ಓದುವವನು ಆಚಾರ್ಯರ ತೀರ್ಮಾನವನ್ನೇ ಒರೆಗೆ ಹಚ್ಚಬಹುದು. ಅಂತಹ ಟಿಪ್ಪಣಿಗಳು ಕೈಸೇರಿದ ಬಳಿಕವೇ ರೂಪರೇಖೆಯನ್ನೆಳೆಯತಕ್ಕದ್ದು. ಬಿಳಿಚೋಡಿನ ಮಟ್ಟಿಗೆ ಅದು ನೆಲ ನೀರುಗಳಿಂದ ಮೊದಲಾಗಲಿ. ಅರಸರ ಪಟ್ಟಿಗೆ ಅನುಬಂಧದಲ್ಲಿ ಬೇಕಾದಷ್ಟು ಎಡೆಯುಂಟು.