ಶಾಲೆಯ ಜೀವಶಾಸ್ತ್ರದಲ್ಲಿ ಕಿಣ್ವಕ್ರಿಯೆಯ ದರ: ಒಂದು ವಿಮರ್ಶೆ

ಶಾಲೆಯ ಜೀವಶಾಸ್ತ್ರದಲ್ಲಿ ಕಿಣ್ವಗಳ ಪ್ರಕರಣವು ಬಂದೊಡನೆ ಒಂದು ಲೆಕ್ಕವೂ ಬರುವುದುಂಟು. ಕ್ರಿಯೆಯು ಮುಗಿಯಲು ಹಿಡಿದ ಕಾಲವನ್ನು ಅಳೆದು, ಒಂದನ್ನು ಆ ಕಾಲದಿಂದ ಭಾಗಿಸಿ, ಬಂದ ಸಂಖ್ಯೆಯನ್ನು ಕೆಲವರು ‘ಕ್ರಿಯಾವೇಗ’ವೆಂದೂ ಕೆಲವರು ‘ಕ್ರಿಯಾದರ’ವೆಂದೂ ಕರೆಯುತ್ತಾರೆ. ಇದು ವಿಜ್ಞಾನಾಧ್ಯಾಪಕರ ಕ್ಷೇತ್ರ, ಭಾಷಾವಿಚಾರಕರಿಗೆ ಇಲ್ಲಿ ಕೆಲಸವಿಲ್ಲವೆಂದು ವಾಚಕರು ಭಾವಿಸಬಹುದು. ಆದರೆ ಈ ಲೆಕ್ಕದಲ್ಲಿ ನುಸುಳುವ ದೋಷಗಳು ಬಹುಮಟ್ಟಿಗೆ ಮಾತಿನಿಂದಲೇ ಹುಟ್ಟತಕ್ಕವು.

‘ಕಿಣ್ವ’ವೆಂಬುದು ಹೊಸದಾಗಿ ಟಂಕಿಸಿದ ಶಬ್ದವಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನ ಪ್ರಕರಣದೊಳಗೆ ಉದ್ದು ಮತ್ತು ಅಕ್ಕಿಗಳಿಂದ ಕಿಣ್ವವನ್ನು ಕಟ್ಟುವ ಕ್ರಮವನ್ನು ಹೇಳಿದೆ. (ನಮ್ಮ ಇಡ್ಲಿಯ ಹಿಟ್ಟಿಗೆ ಇದು ದೂರದ ನಂಟಲ್ಲ.) ಕ್ಯೂನೆ ಎಂಬ ಜರ್ಮನ್ ಪಂಡಿತನು 1870ರ ದಶಕದಲ್ಲಿ ‘ಎನ್‌ಜೈಮ್’ ಎಂಬ ಹೆಸರನ್ನಿಟ್ಟಾಗ ಗ್ರೀಕಿನಲ್ಲಿ ಅದಕ್ಕೆ ‘ಹುದುಗಿನ ಒಳಗಣದು’ ಎಂಬರ್ಥವಿದ್ದಿತು. ಹುದುಗು ಬೇರೆ, ಅದರೊಳಗಣ ಪದಾರ್ಥವು ಬೇರೆ ಎಂಬ ಭೇದವು ಆ ಹೆಸರಿನಲ್ಲಿಯೇ ಅಡಗಿದೆ. 1897ರಲ್ಲಿ ಬುಕ್ನರನು ಜೀವಕೋಶಗಳಿಲ್ಲದ ಯೀಸ್ಟಿನ ರಸದಿಂದಲೇ ಸಕ್ಕರೆಯನ್ನು ಹುದುಗಿಸಿ ಈ ಭೇದವನ್ನು ಸ್ಥಾಪಿಸಿದನು. ಕನ್ನಡವಾದರೋ ಹುದುಗಿನ ಹೆಸರನ್ನೇ ಅದರೊಳಗಣ ಪದಾರ್ಥಕ್ಕೆ ಕೊಟ್ಟಿದೆ. ಇದನ್ನು ಬದಲಿಸಬೇಕೆಂದು ನಾವು ಹೇಳುವುದಿಲ್ಲ, ರೂಢಿಯು ಬಲವಾದುದು. ಆದರೆ ಪಾಠವು ಈ ಭೇದವನ್ನು ಬಾಯಿಬಿಟ್ಟು ಹೇಳಲೇಬೇಕು.

ಕೊಡಂಬಲ, ಹುಮನಾಬಾದು, ಬಸವಕಲ್ಯಾಣಗಳ ಸೀಮೆಯಲ್ಲಿ ಈ ವಿಚಾರಕ್ಕೆ ಇನ್ನೊಂದು ಮುಖವುಂಟು. 1948ರವರೆಗೆ ಈ ನಾಡು ನಿಜಾಮನ ಆಳಿಕೆಯಲ್ಲಿದ್ದು, ಉರ್ದುವೇ ರಾಜಭಾಷೆಯಾಗಿದ್ದಿತು; 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ವಿಜ್ಞಾನವನ್ನೂ ಉರ್ದುವಿನಲ್ಲಿಯೇ ಬೋಧಿಸಿತು. ಉರ್ದುವಿನಲ್ಲಿ ಎನ್‌ಜೈಮಿಗೆ ಬಂದ ಹೆಸರು ‘ಖಮೀರ’ ಎಂಬ ಹುದುಗಿನ ಹೆಸರಿನ ಧಾತುವಿನಿಂದಲೇ ಹುಟ್ಟಿತು. ಗ್ರೀಕು, ಸಂಸ್ಕೃತ, ಅರಬ್ಬಿ ಮೂರೂ ಅಡಿಗೆಮನೆಯ ಒಂದೇ ಪಾತ್ರೆಯೊಳಗೆ ಇಣಿಕಿನೋಡಿವೆ.

ಆ ಪಾತ್ರೆಯು ಉದಾಹರಣೆಗಳನ್ನೂ ಕೊಡುವುದರಿಂದ ತೊಡಕು ಹೆಚ್ಚುತ್ತದೆ. ಹಾಲಿಗೆ ಹೆಪ್ಪು ಹಾಕಿ, ಮೊಸರಾಗಲು ಹಿಡಿದ ಗಂಟೆಗಳಿಂದ ಒಂದನ್ನು ಭಾಗಿಸಿದರೆ ಕಿಣ್ವಕ್ರಿಯೆಯ ದರವು ದೊರೆಯುವುದೆ? ದೊರೆಯುವುದಿಲ್ಲ. ಹೆಪ್ಪಿನಲ್ಲಿರುವ ಸೂಕ್ಷ್ಮಜೀವಿಗಳು ಹೊತ್ತು ಹೋದಂತೆ ವೃದ್ಧಿಯಾಗುವುವು; ಕಿಣ್ವದ ಪರಿಮಾಣವೂ ಒಂದೇ ಸಮನೆ ಬೆಳೆಯುವುದು. ಅಲ್ಲಿ ಅಳೆದದ್ದು ಜೀವಿಗಳ ಬೆಳವಣಿಗೆಯೇ ಹೊರತು ಒಂದು ಕಿಣ್ವದ ಕಾರ್ಯವಲ್ಲ. ಕಲ್ಯಾಣದ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಅನ್ನಭೋಗ ಪ್ರಕರಣದಲ್ಲಿ ಹುಳಿಯಿಂದ ಹಾಲನ್ನೊಡೆದು ಮಾಡುವ ಭಕ್ಷ್ಯವೂ ಬರುತ್ತದೆ, ಅದು ಆಮ್ಲದ ಕೆಲಸ. ಕರುವಿನ ಜಠರದ ರೆನೆಟ್ಟಿನಿಂದ ಹಾಲು ಗಟ್ಟಿಯಾಗುವುದು ಮಾತ್ರ ನೇರವಾದ ಕಿಣ್ವಕ್ರಿಯೆ. ಮೂರನ್ನೂ ಒಂದೇ ಪಟ್ಟಿಯಲ್ಲಿಟ್ಟು ಭಾಗಾಕಾರ ಮಾಡಿಸುವ ಪಾಠದಿಂದ ವಿದ್ಯಾರ್ಥಿಗೆ ಭಾಗಾಕಾರವಲ್ಲದೆ ಬೇರೇನೂ ಬರಲಾರದು.

ಇನ್ನು ‘ವೇಗ’, ‘ದರ’ಗಳ ವಿಚಾರ. ಭೌತಶಾಸ್ತ್ರದ ಪಾಠಗಳಲ್ಲಿ ದಿಕ್ಕಿಲ್ಲದ ಚಲನೆಯ ಅಳತೆಗೆ ‘ಜವ’ವೆಂದೂ ದಿಕ್ಕುಳ್ಳದ್ದಕ್ಕೆ ‘ವೇಗ’ವೆಂದೂ ವ್ಯವಸ್ಥೆಯಾಗಿದೆ. ಅದೇ ‘ವೇಗ’ವನ್ನು ದಿಕ್ಕಿನ ಮಾತೇ ಇಲ್ಲದ ಕಿಣ್ವಕ್ಕೆ ಹಚ್ಚುವುದು ಉಚಿತವಲ್ಲ. ಅದಕ್ಕಿಂತ ಗುರುತರವಾದ ದೋಷವೆಂದರೆ, ವೇಗವೆಂದೊಡನೆ ಯಾರು ಮೊದಲು ಮುಗಿಸಿದರೆಂಬುದೊಂದೇ ಮನಸ್ಸಿಗೆ ಬರುತ್ತದೆ. ದರವೆಂದರೆ ಹಾಗಲ್ಲ. ಕೊಡಂಬಲದ ಒಕ್ಕಲಿಗನ ಮಗುವಿಗೂ ತೊಗರಿಯ ದರವೆಂದರೆ ಕ್ವಿಂಟಾಲಿಗೆ ಇಷ್ಟು ರೂಪಾಯಿಯೆಂಬುದು ಗೊತ್ತು. ಯಾವುದಕ್ಕೆ ಎಷ್ಟು, ಏನು ಎಷ್ಟು ಎಂಬ ಎರಡು ಪ್ರಶ್ನೆಗಳೂ ಆ ಶಬ್ದದೊಳಗೇ ಇವೆ. ಪೇಟೆಯ ವಾಸನೆಯಿದೆಯೆಂದು ಅದನ್ನು ಬಿಡುವವರ ಮಡಿವಂತಿಕೆ ನಮಗೆ ಒಪ್ಪಿಗೆಯಿಲ್ಲ.

ಆ ಪ್ರಶ್ನೆಗಳನ್ನು ಕೇಳಿದರೆ ಲೆಕ್ಕವೂ ತಿದ್ದಿಕೊಳ್ಳುತ್ತದೆ. ಆಲೂಗಡ್ಡೆಯ ತುಣುಕುಗಳಲ್ಲಿರುವ ಕೆಟಲೇಸ್ ಕಿಣ್ವವು ಹೈಡ್ರೊಜನ್ ಪೆರಾಕ್ಸೈಡನ್ನು ನೀರು, ಆಮ್ಲಜನಕಗಳಾಗಿ ಒಡೆಯುತ್ತದೆ. 30, 60, 90, 120 ಸೆಕೆಂಡುಗಳಲ್ಲಿ ಕೂಡಿದ ಅನಿಲವು ಕ್ರಮವಾಗಿ 12, 18, 22, 24 ಮಿಲಿಲೀಟರ್ ಎಂದಿಟ್ಟುಕೊಳ್ಳೋಣ. 24ನ್ನು 120ರಿಂದ ಭಾಗಿಸಿದರೆ ಸೆಕೆಂಡಿಗೆ 0.2 ಮಿಲಿಲೀಟರ್, ಮೊದಲ 30 ಸೆಕೆಂಡುಗಳನ್ನಷ್ಟೇ ಹಿಡಿದರೆ 0.4. ಎರಡೂ ಸರಿಯಾದ ಸಂಖ್ಯೆಗಳೇ. ಮೊದಲನೆಯದು ಸರಾಸರಿ, ಎರಡನೆಯದು ಆರಂಭದ ದರಕ್ಕೆ ಹತ್ತಿರವಾದುದು. ಪೆರಾಕ್ಸೈಡು ಕರಗುತ್ತ ಬಂದಂತೆ ದರವು ಇಳಿಯುವುದರಿಂದ, ಕಿಣ್ವಗಳ ಶಕ್ತಿಯನ್ನು ಹೋಲಿಸುವಾಗ ಆರಂಭದ ದರವನ್ನೇ ಹಿಡಿಯಬೇಕು. 1913ರಲ್ಲಿ ಮಿಖಾಯೆಲಿಸ್ ಮತ್ತು ಮೆಂಟೆನರು ತಮ್ಮ ಸಿದ್ಧಾಂತವನ್ನು ನಿಲ್ಲಿಸಿದ್ದು ಇದರ ಮೇಲೆಯೇ.

ಒಂದನ್ನು ಕಾಲದಿಂದ ಭಾಗಿಸುವ ಕ್ರಮವು ಸರ್ವಥಾ ತ್ಯಾಜ್ಯವೆಂದಲ್ಲ. ಮೊಳಕೆ ಬರಿಸಿದ ಜೋಳದ ಅಮೈಲೇಸ್ ರಸವನ್ನು ಗಂಜಿಗೆ ಬೆರೆಸಿ, ಅಯೋಡಿನ್ನಿನ ನೀಲಿಯು ಕಾಣದಾಗಲು 30 ಡಿಗ್ರಿಯಲ್ಲಿ 240 ಸೆಕೆಂಡು, 40 ಡಿಗ್ರಿಯಲ್ಲಿ 120 ಸೆಕೆಂಡು ಹಿಡಿಯಿತೆನ್ನೋಣ. ಗಂಜಿಯೂ ರಸವೂ ಎರಡರಲ್ಲಿ ಸಮನಾಗಿದ್ದರೆ ಎರಡನೆಯದರ ಸರಾಸರಿ ದರವು ಮೊದಲನೆಯದರ ಇಮ್ಮಡಿಯೆಂದು ಹೇಳಲು ಅಡ್ಡಿಯಿಲ್ಲ. ನೀಲಿ ಹೋದ ಮಾತ್ರಕ್ಕೆ ಗಂಜಿಯೆಲ್ಲ ಸಕ್ಕರೆಯಾಯಿತೆನ್ನುವಂತಿಲ್ಲ, ಅಷ್ಟೆ; ಅಯೋಡಿನ್ನಿಗೆ ಬಣ್ಣಗೊಡದಷ್ಟು ಅದು ತುಂಡಾಗಿದೆ. ರಸವನ್ನು ಮೊದಲೇ ಚೆನ್ನಾಗಿ ಕುದಿಸಿದ್ದರೆ ಕಿಣ್ವವು ಕೆಟ್ಟು ನೀಲಿಯು ಹೋಗುವುದೇ ಇಲ್ಲ. ಆಗ ಭಾಗಿಸಲು ಕಾಲವೇ ಸಿಕ್ಕದು. ವಿದ್ಯಾರ್ಥಿಯು ಆ ಅಂಕಣವನ್ನು ಖಾಲಿ ಬಿಡುತ್ತಾನೆ. ಸೆಕೆಂಡಿಗೆ ಎಷ್ಟು ಗಂಜಿ ಒಡೆಯಿತೆಂದು ಕೇಳಿದ್ದರೆ ಅಲ್ಲಿ ಸೊನ್ನೆಯೆಂದು ಬರೆಯುತ್ತಿದ್ದನು.